ಕುಂಕುಮ ಹಚ್ಚಿಸಿಕೊಂಡ ಬೂಟು

ನಿನ್ನೆ ಸಂಜೆಯಿಂದ ನನ್ನ ಕಾಲು ನೆಲದ ಮೇಲಿಲ್ಲ. ಸಾನಪಾಡಾದ ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೆ ಪೇಡೆ ಕೊಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಳಿದುಹೋಗಿ ಇನ್ನೊಂದು ಕೊಟ್ಟೆ. "ಬಾಬಾ, ಅಭೀ ತೋ ದಿಯಾ" ಎಂದ. ಕೊಟ್ಟಾಗ ತಿನ್ನಯ್ಯಾ, ಕೇಳಬೇಡ ಎಂದೆ. ಹಾಲಿನವನಿಗೆ, ಇಸ್ತ್ರಿಯವನಿಗೆ, ದಾರಿ ತಪ್ಪಿ ನಮ್ಮ ಬಾಗಿಲು ತಟ್ಟಿದ ಕೊರಿಯರ್‌ನವನಿಗೆ ಕೂಡ ಕೊಟ್ಟಾಯಿತು. ಉಳಿದವರು ನೀವು. ಪೇಡೆ ಮುಗಿದುಹೋಗಿದೆ, ಆದ್ದರಿಂದ ಬರೆದು ತೀರಿಸುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನ ತನಕ, ಅದರಲ್ಲೂ ಮಾವಿನ ಹಣ್ಣಿನ ಕಾಲದಲ್ಲಿ ಹೋಗಲಿಲ್ಲ. ಎಲ್ಲಾದರೂ ಒಂದು ಒತ್ತಕ್ಷರ ಜಾರಿ ಬಿದ್ದಿದ್ದರೆ ನೀವೇ ಎತ್ತಿ ಕೂರಿಸಿಕೊಂಡು ಓದಿ.

ಎಲ್ಲ ಶುರುವಾದದ್ದು ಒಂದು ಬೂಟಿನಿಂದ. ದಸರೆ ಹತ್ತಿರ ಬಂತೆಂದು ಕಳೆದ ವಾರ ನನ್ನ ಹೆಂಡತಿ ಗುಲಾಬಿ ಅಡುಗೆಮನೆಯ ಅಟ್ಟ ಗುಡಿಸಲು ಹತ್ತಿದ್ದಳು. ಸ್ಟೂಲ್ ಹಿಡಿದುಕೊಂಡು ಕೆಳಗೆ ನಿಂತದ್ದು ನಾನು. ಮೇಲಿನಿಂದ ಒಂದು ಪ್ಲಾಸ್ಟಿಕ್ ಚೀಲ ನೇರ ನನ್ನ ತಲೆಯ ಮೇಲೆ ಬಿತ್ತು. ಬಿಚ್ಚಿ ನೋಡಿದರೆ ಒಂದು ಫುಟ್‌ಬಾಲ್ ಬೂಟು, ಬಲಗಾಲಿನದು, ಸಣ್ಣ ದೋಣಿಯಷ್ಟು ದೊಡ್ಡದು. ಮುಂದಿನ ತುದಿಯಲ್ಲಿ ಒಣಗಿ ಕಪ್ಪಾದ ಕುಂಕುಮದ ಬೊಟ್ಟು.

"ಎಷ್ಟು ವರ್ಷ ಅಂತ ಈ ಒಂಟಿ ಬೂಟನ್ನು ಇಟ್ಟುಕೊಳ್ಳುದು ಮಾರಾಯ್ರೆ?" ಎಂದಳು ಗುಲಾಬಿ ಮೇಲಿನಿಂದ. "ಒಂದೇ ಕಾಲಿನವರು ಯಾರಾದ್ರೂ ಸಿಕ್ಕಿದ್ರೆ ಕೊಟ್ಟುಬಿಡಿ. ಪುಣ್ಯ ಆದ್ರೂ ಬರ್ತದೆ."

ಅಷ್ಟರಲ್ಲಿ ಮೊಮ್ಮಗಳು ಅಶ್ವಿನಿ ಬಂದಳು. ಮಗಳ ಮಗಳು, ಈಗ ಹನ್ನೆರಡರ ಹತ್ತಿರ. ಈ ಕಡೆಯೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಗುಲಾಬಿ ನಡುವೆ ತುಳುವಿನಲ್ಲಿ ಇಬ್ಬರನ್ನೂ ಬಯ್ಯುತ್ತಾಳೆ. ನಮ್ಮ ಮನೆಯಲ್ಲಿ ಯಾರಿಗೂ ಯಾರ ಮಾತೂ ಅರ್ಥವಾಗದೆ ಹೋದದ್ದಿಲ್ಲ. ಅವಳು ಶಾಲೆಯ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಮಲಗುವ ಜಾಗದ ಗೋಡೆಯ ಮೇಲೆ ಯಾವುದೋ ದೂರದೇಶದ ಕ್ಲಬ್ಬಿನ ಚಿತ್ರ ಅಂಟಿಸಿದ್ದಾಳೆ. ಆ ಕ್ಲಬ್ಬಿನ ಚರಿತ್ರೆಯೆಲ್ಲ ಅವಳಿಗೆ ಬಾಯಿಪಾಠ: ಇಂಥವರು ಇದ್ದಾಗ ಒಂದು ಯುಗ, ಅವರು ಹೋದ ಮೇಲೆ ಇನ್ನೊಂದು ಯುಗ. ಮಗ್ಗಿ ಕೇಳಿದರೆ ಮಾತ್ರ ಹದಿಮೂರಕ್ಕೇ ನಿಲ್ಲುತ್ತಾಳೆ.

"ಅಜ್ಜಾ, ಬೂಟ್ ಕೋ ಟೀಕಾ ಕ್ಯೂಂ ಲಗಾಯಾ?" ಎಂದು ಆ ಬೊಟ್ಟು ತೋರಿಸಿ ಕೇಳಿದಳು.

"ಅದು ನಮ್ಮ ಕ್ಲಬ್ಬಿನದು ಮಗಾ."

"ಆಪ್ಕಾ ಕ್ಲಬ್? ಗೋಲ್ಡನ್ ಎರಾ ಭೀ ಥಾ ಕ್ಯಾ?" ಎಂದು ನಕ್ಕಳು. ನನಗೆ ಸಿಟ್ಟು ಬಂತು. ಚಿನ್ನದ ಯುಗ ಒಂದಲ್ಲ, ಮೂರಿತ್ತು, ಕೂತ್ಕೋ ಎಂದೆ.

ನಮ್ಮ ಕ್ಲಬ್ಬಿನ ಹೆಸರು ಕ್ಯಾಂಟೀನ್ ಇಲೆವನ್. ಊರು ಥಾಣೆಯ ವಾಗ್ಳೆ ಎಸ್ಟೇಟ್, ಬರೀ ಕಾರ್ಖಾನೆಗಳ ಬಡಾವಣೆ. ಕೀರ್ತಿ ಎಲ್ಲಿಯವರೆಗೆ ಹಬ್ಬಿತ್ತೆಂದರೆ, ನಮ್ಮ ಕಾರ್ಖಾನೆಯ ಗೇಟಿನಿಂದ ಬಸ್ ಡಿಪೋದವರೆಗೆ ಯಾವ ಪಾನ್ ಅಂಗಡಿಯಲ್ಲಿ ಬೇಕಾದರೂ ಕೇಳಬಹುದಿತ್ತು. ಡಿಪೋ ದಾಟಿದ ಮೇಲೆ ಕೇಳಬಾರದು. ಆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನು ಚಹಾ ಮಾಡುವವನು. ಅಡುಗೆಗೆ ಕುಂದಾಪುರ ಕಡೆಯ ವಾಸಣ್ಣ. ದುಂಡಗಿನ ಮನುಷ್ಯ, ದೇವರ ಭಯ ಬಹಳ, ಸಾಂಬಾರಿಗೆ ಒಗ್ಗರಣೆ ಹಾಕುವಾಗಲೂ ಏನೋ ಶ್ಲೋಕ ಹೇಳುವವನು. ಇನ್ನು ಅಂಗಳದಲ್ಲಿ ಮೂಟೆ ಹೊರುತ್ತಿದ್ದ ಕಲಬುರಗಿಯ ಶರಣಪ್ಪ. ಏಣಿ ನಿಲ್ಲಿಸಿದ ಹಾಗೆ ಎತ್ತರ, ಆದರೆ ಪಾದ ಮಾತ್ರ ಹೆಣ್ಣುಮಕ್ಕಳ ಪಾದದ ಹಾಗೆ ಸಣ್ಣದು. ಅವನೇ ನಮ್ಮ ಗೋಲ್‌ಕೀಪರ್. ವಾಸಣ್ಣ ಸೆಂಟರ್ ಫಾರ್ವರ್ಡ್. ಉಳಿದವರು ತಟ್ಟೆ ತೊಳೆಯುವವರು, ಲೋಡಿಂಗ್‌ನವರು, ಯಾರಿಗೆ ಆ ದಿನ ಬಿಡುವೋ ಅವರು. ನಾನು ಕೋಚ್. ಯಾಕೆಂದರೆ ಎಲ್ಲರಿಗಿಂತ ಹಿರಿಯ, ಮತ್ತು ಎಲ್ಲರಿಗಿಂತ ಗಟ್ಟಿ ಗಂಟಲು. ನನ್ನ ಕೋಚಿಂಗ್ ಎಂದರೆ ಗೆರೆಯ ಹೊರಗೆ ನಿಂತು "ಹೊಡಿ! ಹೊಡಿ ಮಾರಾಯಾ!" ಎಂದು ಕೂಗುವುದು. ಯಾವ ಕಡೆಗೆ ಹೊಡೆಯಬೇಕೆಂದು ಹೇಳುವಷ್ಟು ವಿದ್ಯೆ ನನಗಿರಲಿಲ್ಲ.

ಮೊದಲನೆಯದು ಲುಂಗಿಯ ಯುಗ. ಊಟದ ಬಿಡುವಿನಲ್ಲಿ ಇದ್ದ ಬಟ್ಟೆಯಲ್ಲೇ ಇಳಿಯುತ್ತಿದ್ದೆವು. ಶರಣಪ್ಪ ಧೋತರ ಉಟ್ಟೇ ಗೋಲಿನಲ್ಲಿ ನಿಲ್ಲುತ್ತಿದ್ದ, ಅದೇ ನಮ್ಮ ಬಲ. ಚೆಂಡು ಎಷ್ಟು ಜೋರಾಗಿ ಬಂದರೂ ಧೋತರದ ಮಡಿಕೆಯಲ್ಲಿ ಸಿಕ್ಕಿ ಕಾಣೆಯಾಗುತ್ತಿತ್ತು. ಅವನು ಕೂಡಲೇ ಕೂತುಬಿಡುತ್ತಿದ್ದ. "ಬಾಲ್ ಕಿಧರ್ ಹೈ?" ಎಂದು ಎದುರಿನವರು ಸುತ್ತ ನಿಂತು ಕೇಳಿದರೆ, "ನನಗೇನ್ ಗೊತ್ರಿ, ನೀವs ಹುಡಕ್ರಿ" ಎನ್ನುತ್ತಿದ್ದ. ಗಂಡಸಿನ ಧೋತರದಲ್ಲಿ ಕೈ ಹಾಕಿ ಹುಡುಕುವ ಧೈರ್ಯ ಯಾವ ರೆಫರಿಗೂ ಇರಲಿಲ್ಲ.

ಎರಡನೆಯದು ಬನಿಯನ್ ಯುಗ. ಎಲ್ಲರಿಗೂ ಒಂದೇ ಬಣ್ಣ ಬೇಕೆಂದು ನಮ್ಮ ಬಿಳಿ ಬನಿಯನ್‌ಗಳನ್ನು ಕೆಂಪು ಪುಡಿ ಹಾಕಿ ಅಕ್ಕಿ ತೊಳೆಯುವ ದೊಡ್ಡ ಪಾತ್ರೆಯಲ್ಲಿ ನೆನೆಹಾಕಿದೆವು. ಮರುದಿನ ಇಡ್ಲಿ ನಸುಗೆಂಪಾಗಿ ಬಂತು. ಒಬ್ಬ ಇಂಜಿನಿಯರ್ ಸಾಹೇಬರು ಇಡ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಆಜ್ ಸ್ಪೆಷಲ್ ಹೈ ಕ್ಯಾ?" ಎಂದು ಕೇಳಿದರು. "ಬೀಟ್‌ರೂಟ್" ಎಂದ ವಾಸಣ್ಣ, ತಲೆ ಎತ್ತದೆ. ಅವರು ಇನ್ನೊಂದು ಪ್ಲೇಟ್ ತರಿಸಿಕೊಂಡರು. ಆ ಭಾನುವಾರ ಮಳೆಯಲ್ಲಿ ಮ್ಯಾಚು. ಬಣ್ಣ ಬಿಡತೊಡಗಿತು. ಬಿಳಿ ಅಂಗಿಯ ಎದುರಾಳಿಗಳು ನಮ್ಮವರಿಗೆ ಡಿಕ್ಕಿ ಹೊಡೆದು ಹೊಡೆದು, ಅರ್ಧ ಆಟವಾಗುವಾಗ ಎರಡು ತಂಡವೂ ಒಂದೇ ಗುಲಾಬಿ ಬಣ್ಣ. ಅವರು ನಮಗೆ ಪಾಸ್ ಕೊಟ್ಟರು, ನಾವು ಅವರಿಗೆ ಕೊಟ್ಟೆವು. ಅಷ್ಟು ಸ್ನೇಹದ ಮ್ಯಾಚನ್ನು ಆ ಎಸ್ಟೇಟ್ ಮತ್ತೆ ಕಂಡಿಲ್ಲ.

ಅಶ್ವಿನಿ ಇಲ್ಲಿಗೆ ಬರುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಔರ್ ಯೇ ಬೂಟ್?" ಎಂದಳು.

ತಡಿ. ಬೂಟಿನ ಯುಗಕ್ಕೆ ಬರಬೇಕಾದರೆ ಮೊದಲು ನಿನ್ನ ಹಾಲಿನ ವಿಷಯ ಬರಬೇಕು ಎಂದೆ. ಅವಳು ನಗು ನಿಲ್ಲಿಸಿದಳು. ಆ ವಿಷಯ ಅವಳಿಗೆ ಗೊತ್ತು, ಆದರೆ ಬೂಟಿಗೂ ಅದಕ್ಕೂ ಇದ್ದ ಸಂಬಂಧ ಗೊತ್ತಿರಲಿಲ್ಲ.

ಆಗ ಅವಳಿಗೆ ನಾಲ್ಕು ವರ್ಷ. ನಾವೆಲ್ಲ ವಾಗ್ಳೆ ಎಸ್ಟೇಟಿನ ಚಾಳಿನಲ್ಲಿ ಒಟ್ಟಿಗಿದ್ದೆವು. ಹಾಲು ಎಂದರೆ ಅವಳಿಗೆ ಆಗದು. ಲೋಟ ಕಂಡರೆ ಮಂಚದ ಅಡಿಗೆ ಹೋಗಿ ಮಲಗುತ್ತಿದ್ದಳು. ಅವಳಮ್ಮ, ಅಂದರೆ ನನ್ನ ಮಗಳು, ಮಗುವಿನ ಮೂಗು ಹಿಡಿದು ಕುಡಿಸುವುದು, ಮಗು ಅದನ್ನು ಅಮ್ಮನ ಸೀರೆಗೆ ವಾಪಸು ಕೊಡುವುದು, ಇದು ನಮ್ಮ ಮನೆಯ ಬೆಳಗಿನ ಕಾರ್ಯಕ್ರಮ. ಆ ವರ್ಷ ಎಸ್ಟೇಟಿನ ತಂಡಗಳಿಗೆಲ್ಲ ಸೇರಿ ಒಂದು ಕಪ್ಪಿನ ಆಟ ಇಟ್ಟಿದ್ದರು. ಕಪ್ಪನ್ನು ಬೀದಿಯ ಸೈಕಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಎರಡು ಕಿವಿಯ, ಫಳಫಳ ಹೊಳೆಯುವ ಕಪ್ಪು. ಮಗು ಅದನ್ನು ನೋಡಿ ನನ್ನ ಬೆರಳು ಎಳೆದು, "ಅದ್ರಲ್ಲಿ ಕೊಟ್ರೆ ಕುಡೀತೇನೆ" ಎಂದಿತು. ಆಗ ಕನ್ನಡ ಮಾತಾಡುತ್ತಿದ್ದಳು ನೋಡಿ, ಶಾಲೆಗೆ ಸೇರುವ ಮೊದಲು.

ತರ್ತೇನೆ ಮಗಾ ಎಂದು ಅವಳ ತಲೆ ಮುಟ್ಟಿ ಹೇಳಿದೆ. ಯಾವ ಅಜ್ಜ ಹೇಳುವುದಿಲ್ಲ?

ಆದರೆ ಅವಳು ಮಾತನ್ನು ಹಿಡಿದು ಕೂತಳು. ಕಪ್ಪು ಬರುವ ತನಕ ಒಂದು ತೊಟ್ಟು ಹಾಲೂ ಇಲ್ಲ, ಮೂಗು ಹಿಡಿದರೂ ಇಲ್ಲ. ಮಗಳು ನನ್ನೊಡನೆ ಮಾತು ಬಿಟ್ಟಳು. ಗುಲಾಬಿ, "ಆ ಕಪ್ಪು ಮನೆಗೆ ಬಾರದಿದ್ರೆ ನೀವೂ ಬರುದು ಬೇಡ" ಎಂದಳು. ಸುದ್ದಿ ಕ್ಯಾಂಟೀನಿಗೂ ಹೋಯಿತು. ಶರಣಪ್ಪ ಮೂಟೆ ಇಳಿಸಿ ಬಂದು ನನ್ನ ಮುಂದೆ ಕೂತ. "ಅಣ್ಣಾರ, ಇಷ್ಟ್ ದಿನ ನಾ ಸುಮ್ನ ಗೋಲ್ ಕಾಯ್ತಿದ್ದೆ. ಈಗ ಕೂಸಿನ ಹಾಲ್ ಕಾಯಬೇಕಾಗ್ಯದ" ಎಂದ. ಅವನ ಕಣ್ಣು ನೋಡಿದರೆ ತಮಾಷೆ ಇರಲಿಲ್ಲ.

ಆಗ ಬಂತು ಬೂಟಿನ ಯುಗ. ಕಾರ್ಖಾನೆಯ ಸಾಹೇಬರುಗಳು ಫುಟ್‌ಬಾಲ್ ಬಿಟ್ಟು ಕ್ರಿಕೆಟ್ ಹಿಡಿದಿದ್ದರು, ಅದರಲ್ಲಿ ಕೂತುಕೊಳ್ಳಲು ಸಮಯ ಸಿಗುತ್ತದೆ ಎಂದು. ಅವರ ಹಳೆಯ ಬೂಟುಗಳನ್ನು ಒಂದು ಗೋಣಿಚೀಲದಲ್ಲಿ ತುಂಬಿ ಕ್ಯಾಂಟೀನಿಗೆ ಕಳಿಸಿಕೊಟ್ಟರು. ನಮ್ಮವರು ಮುಗಿಬಿದ್ದರು. ಶರಣಪ್ಪ ಲಾರಿ ಖಾಲಿ ಮಾಡಿ ಬರುವಷ್ಟರಲ್ಲಿ ಉಳಿದದ್ದು ಇದೊಂದೇ ಜೋಡಿ, ಯಾವ ಭೀಮನಿಗಾಗಿ ಹೊಲಿಸಿದ್ದೋ. ಅವನು ಒಳಗೆ ಹಳೆ ಬಟ್ಟೆ ತುರುಕಿ ಹಾಕಿಕೊಂಡ. ನಡೆದರೆ ಮೊದಲು ಕಾಲು ಹೋಗುತ್ತಿತ್ತು, ಬೂಟು ಹಿಂದಿನಿಂದ ಬರುತ್ತಿತ್ತು. ಆದರೂ ಬೂಟಿನ ಸದ್ದಿಗೇ ಎದುರಿನವರು ಹೆದರಿದರು. ಮೂರು ತಂಡಗಳನ್ನು ಸೋಲಿಸಿ ಫೈನಲ್‌ಗೆ ಬಂದೆವು. ಎದುರಾಳಿ ಪಕ್ಕದ ರಸ್ತೆಯ ಗ್ಯಾರೇಜ್ ತಂಡ. ಫೈನಲ್ ವಿಜಯದಶಮಿಯ ಸಂಜೆ.

ಅದರ ಹಿಂದಿನ ದಿನ ನಮ್ಮ ಆಯುಧಪೂಜೆ. ಕ್ಯಾಂಟೀನಿಗೆ ರಜೆ. ಗ್ರೈಂಡರ್, ತೆಂಗಿನಕಾಯಿ ತುರಿಯುವ ಮಣೆ, ಸೌಟು, ನನ್ನ ಚಹಾದ ದೊಡ್ಡ ಕೆಟಲ್, ಎಲ್ಲವನ್ನೂ ತೊಳೆದು ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದೆವು. ಆಗ ವಾಸಣ್ಣನಿಗೆ ಹೊಳೆಯಿತು. "ಬೂಟೂ ಇಡುವ. ಈ ವರ್ಷ ನಮಗೆ ಹೆಸರು ತಂದದ್ದು ಅದೇ ಅಲ್ವಾ? ಅದೂ ಆಯುಧವೇ."

"ಚರ್ಮದ್ದಲ್ವಾ ವಾಸಣ್ಣ, ದೇವರ ಎದುರು..." ಎಂದೆ ನಾನು.

"ಮೃದಂಗ ಎಂತದ್ರದ್ದು? ಹಲಸಿನ ಹಣ್ಣಿನದ್ದಾ?" ಎಂದ ವಾಸಣ್ಣ.

ಬೂಟುಗಳನ್ನು ಒರೆಸಿ, ಜೋಡಿ ಜೋಡಿಯಾಗಿ ಇಟ್ಟು, ಕುಂಕುಮ ಹಚ್ಚಿ, ಒಂದೊಂದಕ್ಕೂ ಚೆಂಡುಹೂವು ಏರಿಸಿದೆವು. ಶರಣಪ್ಪನ ಬೂಟಿಗೆ ಬರುವಾಗ ಹಲಗೆಯಲ್ಲಿ ಜಾಗ ಮುಗಿಯಿತು. ಬಲಗಾಲಿನದು ಹೇಗೋ ಹಿಡಿಸಿತು. ಎಡಗಾಲಿನದನ್ನು ವಾಸಣ್ಣ ಮೇಜಿನ ಅಡಿಗೆ, ಈರುಳ್ಳಿ ಚೀಲದ ಪಕ್ಕಕ್ಕೆ ತಳ್ಳಿದ. "ಒಂದಕ್ಕೆ ಮಾಡಿದ್ರೆ ಜೋಡಿಗೆ ಮಾಡಿದ ಹಾಗೆ" ಎಂದ.

ಆರತಿ ಎತ್ತಿದೆವು. ಕರ್ಪೂರ ಇನ್ನೂ ಉರಿಯುತ್ತಿದ್ದಾಗ ಗ್ಯಾರೇಜ್ ತಂಡದ ಕ್ಯಾಪ್ಟನ್ ಪಾಂಡುರಂಗ ಸೈಕಲ್ ನಿಲ್ಲಿಸಿ ಒಳಗೆ ಬಂದ. ಕೈಮುಗಿದು, ಪ್ರಸಾದ ತಿಂದು, ಆಮೇಲೆ ಹೇಳಿದ: "ಅಣ್ಣಾ, ಮ್ಯಾಚ್ ಕಲ್ ನಹೀ, ಆಜ್ ಹೈ. ಚಾರ್ ಬಜೇ."

ಮ್ಯಾಚು ಇವತ್ತೇ, ನಾಲ್ಕು ಗಂಟೆಗೆ. ನಾಳೆ ಅದೇ ಮೈದಾನದಲ್ಲಿ ರಾವಣನನ್ನು ಸುಡುವುದಂತೆ. ಕಪ್ಪಿನವರಿಗೂ ರಾವಣನವರಿಗೂ ಮಾತುಕತೆಯಾಗಿ ರಾವಣ ಗೆದ್ದಿದ್ದ.

ನಿಮಗೆ ನಮ್ಮ ಕಷ್ಟ ತಿಳಿದಿರಬಹುದು. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಮರುದಿನ ಬೆಳಗ್ಗೆ ಮತ್ತೆ ಆರತಿ ಮಾಡಿ, ಕಾಯಿ ಒಡೆದು ಎಬ್ಬಿಸಬೇಕು. ಅಲ್ಲಿಯವರೆಗೆ ಅದು ದೇವರು. ಗ್ಯಾರೇಜಿನವರಿಗೆ ಆ ತೊಂದರೆ ಇಲ್ಲ, ಅವರ ಪೂಜೆ ದಸರೆಯ ದಿನ. ಅವರ ಪಾನಾ, ಜ್ಯಾಕು, ಬೂಟು ಎಲ್ಲ ಇನ್ನೂ ಸಾಮಾನುಗಳೇ. ನಮ್ಮವು ಒಂದು ದಿನ ಮೊದಲೇ ದೇವರಾಗಿಬಿಟ್ಟಿದ್ದವು.

"ವಾಸಣ್ಣ, ಈಗಲೇ ಎಬ್ಬಿಸಲಿಕ್ಕೆ ಆಗುದಿಲ್ವಾ?" ಎಂದು ಕೇಳಿದೆ. ನನಗೆ ಕಣ್ಣೆದುರು ಕಾಣುತ್ತಿದ್ದುದು ಹಾಲಿನ ಲೋಟ ಮತ್ತು ಮಂಚದ ಅಡಿಯಿಂದ ಹೊರಗೆ ಬಂದ ಎರಡು ಸಣ್ಣ ಕಾಲು.

"ಈಗಷ್ಟೇ ಕೂತ ದೇವಿಯನ್ನು ಏಳು ಅನ್ನುದಾ? ನಿಮ್ಮ ಮನೆಗೆ ಬಂದವರಿಗೆ ಹಾಗೆ ಹೇಳ್ತೀರಾ?"

ಆಗ ಶರಣಪ್ಪ ಮೇಜಿನ ಅಡಿಗೆ ಬಗ್ಗಿ ತನ್ನ ಎಡಗಾಲಿನ ಬೂಟನ್ನು ಎಳೆದು ತಂದ. "ಸ್ವಾಮಿ, ಇದಕ್ಕ ಕುಂಕುಮ ಬಿದ್ದಿಲ್ಲ. ಹೂವಾನೂ ಬಿದ್ದಿಲ್ಲ. ಇದು ಇನ್ನಾ ಬೂಟs ಅದ."

ವಾಸಣ್ಣ ಬೂಟನ್ನು ತಿರುಗಿಸಿ ನೋಡಿದ. ಜೋಡಿಯ ವಿಷಯ ಅವನೇ ಹೇಳಿದ್ದ, ಅದನ್ನು ನುಂಗಬೇಕಿತ್ತು. ಕೊನೆಗೆ, "ಈರುಳ್ಳಿ ಮುಟ್ಟಿದ್ದಲ್ವಾ ಅದು? ಹಾಗಾದ್ರೆ ಪೂಜೆಗೆ ಸೇರಿಲ್ಲ. ಹಾಕ್ಕೋ" ಎಂದ.

ಹೀಗೆ ಕ್ಯಾಂಟೀನ್ ಇಲೆವನ್ ತನ್ನ ಚರಿತ್ರೆಯ ಅತಿ ದೊಡ್ಡ ಮ್ಯಾಚಿಗೆ ಇಡೀ ತಂಡಕ್ಕೆ ಒಂದೇ ಬೂಟು ಹಾಕಿಕೊಂಡು ಹೊರಟಿತು.

ಮೈದಾನಕ್ಕೆ ಹೋದರೆ ನಮ್ಮ ಗೋಲಿನ ಹಿಂದೆಯೇ ರಾವಣನ ಹತ್ತು ತಲೆಗಳನ್ನು ನೆಲದ ಮೇಲೆ ಸಾಲಾಗಿ ಮಲಗಿಸಿದ್ದರು. ಶರಣಪ್ಪ ಅವುಗಳ ಮುಂದೆ ಒಂಟಿ ಬೂಟಿನಲ್ಲಿ ನಿಂತ. ಪಾಂಡುರಂಗ ನಮ್ಮವರ ಬರಿಗಾಲು ನೋಡಿ, "ಅರೇ, ಬೂಟ್ ಕಹಾಂ ಗಯೇ?" ಎಂದ. "ಪೂಜಾ ಮೇ ಬೈಠೇ ಹೈ" ಎಂದೆ, ಪೂಜೆಗೆ ಕೂತಿವೆ ಎಂದು. ಅವನು ನಗಲಿಲ್ಲ. ತಲೆಯಾಡಿಸಿ ತನ್ನವರ ಕಡೆ ತಿರುಗಿ, "ಸಂಭಾಳೂನ್ ಖೇಳಾ ರೇ, ಪಾಯಾವರ್ ಪಾಯ್ ದೇಊ ನಕಾ" ಎಂದು ಕೂಗಿದ. ಜೋಪಾನವಾಗಿ ಆಡಿ, ಅವರ ಕಾಲು ತುಳಿಯಬೇಡಿ ಎಂದು. ಅವನಿಗೆ ಇವತ್ತಿಗೂ ನಾನು ಕೆಟ್ಟದ್ದು ಬಯಸುವುದಿಲ್ಲ, ಅವನು ಆಮೇಲೆ ಮಾಡಿದ್ದನ್ನು ನೆನೆದರೂ.

ನಿಜ ಹೇಳಬೇಕೆಂದರೆ ಬರಿಗಾಲಿನಲ್ಲಿ ನಮ್ಮವರು ಚೆನ್ನಾಗಿ ಆಡಿದರು. ಬೂಟು ಬರುವ ಮೊದಲು ಹಾಗೆಯೇ ಅಲ್ಲವೇ ಆಡುತ್ತಿದ್ದದ್ದು! ವಾಸಣ್ಣ ಹೊಟ್ಟೆಯಿಂದ ಒಂದು ಗೋಲು ಹಾಕಿದ. ಚೆಂಡು ತಾನಾಗಿ ಬಂದು ಅವನ ಹೊಟ್ಟೆಗೆ ಬಡಿದು ಒಳಗೆ ಹೋಯಿತು, ಅವನು ಆಗ ಆಕಾಶ ನೋಡುತ್ತ ಏನೋ ಪ್ರಾರ್ಥನೆ ಮಾಡುತ್ತಿದ್ದ. ಸ್ವಲ್ಪದರಲ್ಲಿ ಗ್ಯಾರೇಜಿನವರೂ ಒಂದು ಹಾಕಿದರು. ಗೆರೆಯ ಹೊರಗೆ ಗುಲಾಬಿಯ ಸೊಂಟದಲ್ಲಿ ಅಶ್ವಿನಿ. ಮಗುವಿನ ಕಣ್ಣು ಆಟದ ಮೇಲಿರಲಿಲ್ಲ, ಮೇಜಿನ ಮೇಲಿದ್ದ ಕಪ್ಪಿನ ಮೇಲಿತ್ತು.

ಇನ್ನೇನು ಸೀಟಿ ಊದಬೇಕು, ಚೆಂಡು ನಮ್ಮ ಗೋಲಿನ ಎದುರಿಗೆ ಬಂತು. "ಹೊಡಿ ಮಾರಾಯಾ!" ಎಂದು ಕೂಗಿದೆ. ಶರಣಪ್ಪನದು ಹುಟ್ಟಿನಿಂದ ಬಲಗಾಲು, ಆದರೆ ಬೂಟಿದ್ದದ್ದು ಎಡಗಾಲಿಗೆ. ಬೂಟಿನ ಮೇಲಿನ ಗೌರವಕ್ಕೆ ಎಡಗಾಲಿನಿಂದಲೇ ಬೀಸಿದ. ಚೆಂಡು ಅಲ್ಲೇ ಉಳಿಯಿತು. ಬೂಟು ಹೋಯಿತು.

ಎಂಥಾ ಹೋಗುವುದು! ಒಳಗಿನ ಹಳೆ ಬಟ್ಟೆಯನ್ನು ಬಾಲದ ಹಾಗೆ ಬಿಚ್ಚಿಕೊಳ್ಳುತ್ತ ಮೇಲಕ್ಕೆ ಹೋಯಿತು. ಮೈದಾನದ ಬದಿಯ ನಾಲೆಯ ಕಡೆ ಇಳಿಯತೊಡಗಿತು. ನಮಗೆ ಉಳಿದದ್ದು ಅದೊಂದೇ ಬೂಟು ನೋಡಿ. "ಬೂಟು! ಬೂಟು ಹಿಡೀರಿ!" ಎಂದು ವಾಸಣ್ಣ ಅರಚಿದ. ನಮ್ಮ ಹುಡುಗರೆಲ್ಲ, ಗೋಲ್‌ಕೀಪರ್ ಸಹಿತ, ಬೂಟಿನ ಹಿಂದೆ ಓಡಿದರು. ಪಾಂಡುರಂಗ ಒಬ್ಬನೇ ಚೆಂಡಿನ ಹತ್ತಿರ ಉಳಿದ. ಅವನೂ ಒಂದು ಕ್ಷಣ ಬೂಟು ಎಲ್ಲಿ ಬೀಳುತ್ತದೆಂದು ನೋಡಿದ. ಅದು ನಾಲೆಗೆ ಬಿದ್ದ ಮೇಲೆ ಚೆಂಡನ್ನು ಮೆಲ್ಲಗೆ, ಮಗುವನ್ನು ತೊಟ್ಟಿಲಿಗೆ ಹಾಕಿದಂತೆ, ಗೋಲಿನೊಳಗೆ ತಳ್ಳಿದ. ಚೆಂಡು ಉರುಳಿ ಹೋಗಿ ರಾವಣನ ನಡುತಲೆಯ ಮೂಗಿಗೆ ತಗುಲಿ ನಿಂತಿತು.

ಆಟ ಮುಗಿದ ಮೇಲೆ ಶರಣಪ್ಪ ಬರಿಗಾಲಿನಲ್ಲಿ ಬಂದು ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಮೊಣಕಾಲಿನ ತನಕ ನಾಲೆಯ ಕೆಸರು, ಬೂಟು ಸಿಕ್ಕಿರಲಿಲ್ಲ.

"ಅವ್ವಾ, ಕಪ್ ತರಲಿಕ್ಕ ಆಗಲಿಲ್ಲ. ನಾ ಹೇಳ್ತೀನಿ, ಲೋಟದಾಗs ಕುಡಿಯವ್ವ. ಹಾಲ್ ಏನ್ ತಪ್ಪ ಮಾಡ್ಯದ?"

ಮಗು ಅವನ ಕೆಸರು ನೋಡಿತು, ಗ್ಯಾರೇಜಿನವರ ಕೈಯಲ್ಲಿ ಹೋಗುತ್ತಿದ್ದ ಕಪ್ಪನ್ನು ನೋಡಿತು. "ನಾಳೆ ತನ್ನಿ" ಎಂದಿತು, ಅಂಗಡಿಯಿಂದ ಕೊತ್ತಂಬರಿ ತನ್ನಿ ಎಂದ ಹಾಗೆ.

ಮರುದಿನ ಬೂಟುಗಳನ್ನು ಎಬ್ಬಿಸಿದೆವು. ಶರಣಪ್ಪ ತನ್ನ ಬಲಗಾಲಿನದನ್ನು ನನ್ನ ಕೈಗೆ ಕೊಟ್ಟು, "ಜೋಡಿ ಇಲ್ಲದ್ದ ನನಗ್ಯಾಕ್ರಿ, ನಿಮ್ಮ ಮನ್ಯಾಗ ಇರಲಿ. ಮುಂದಿನ ವರ್ಷ ಕಪ್ ತಂದs ಇಸಕೊಳ್ತೀನಿ" ಎಂದ. ಮುಂದಿನ ವರ್ಷ ಬರಲಿಲ್ಲ. ಕಾರ್ಖಾನೆ ಮುಚ್ಚಿತು, ಅದರ ಜೊತೆ ಕ್ಯಾಂಟೀನೂ. ಶರಣಪ್ಪ ಕಲ್ಯಾಣದ ಮಾರ್ಕೆಟ್ಟಿಗೆ ಮೂಟೆ ಹೊರಲು ಹೋದ, ವಾಸಣ್ಣ ಡೊಂಬಿವಲಿಯ ಒಂದು ಹೋಟೆಲಿಗೆ. ನಾವು ಅಳಿಯನ ಜೊತೆ ಸಾನಪಾಡಾಕ್ಕೆ ಬಂದೆವು. ಕ್ಲಬ್ಬಿನ ಮೂರೂ ಯುಗ ಮುಗಿಯಿತು.

ಆದರೆ ಅವಳ ಮಾತು ಮುಗಿಯಲಿಲ್ಲ. ಹಾಲು ಮುಟ್ಟಲೇ ಇಲ್ಲ. ಮಜ್ಜಿಗೆ ಕುಡಿದಳು, ಚಹಾ ಕುಡಿದಳು, ಹುಣಸೆಹುಳಿ ಬೇಕಾದರೆ ಕುಡಿಯುವಳು. ನಾನು ಪೇಟೆಯಿಂದ ಬಂದಾಗಲೆಲ್ಲ ನನ್ನ ಕೈಚೀಲ ಇಣುಕಿ, "ಅಜ್ಜಾ, ಮೇರಾ ಕಪ್?" ಅಷ್ಟೇ ಅವಳ ವಿಚಾರಣೆ. ಬೆಳೆದ ಮೇಲೆ ತಮಾಷೆಗೆ ಕೇಳುತ್ತಿದ್ದಳು. ನಾನು ಮಾತ್ರ ಪ್ರತಿ ಸಲವೂ ಚೀಲ ಬದಿಗಿಟ್ಟು, ನಾಳೆ ಮಗಾ ಎನ್ನುತ್ತಿದ್ದೆ.

ಇಷ್ಟನ್ನು ಅವಳಿಗೆ ಹೇಳಿ ಮುಗಿಸಿದೆ. ಅವಳು ಬೂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಂಕುಮದ ಬೊಟ್ಟನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಮುಂದಿನ ಭಾನುವಾರ ಅವಳದೇ ಫೈನಲ್ ಇತ್ತು, ಬೇಲಾಪುರದಲ್ಲಿ.

ಆ ಭಾನುವಾರವೇ ನಿನ್ನೆ. ಗುಲಾಬಿಯೂ ನಾನೂ ಲೋಕಲ್ ರೈಲು ಹಿಡಿದು ಹೋದೆವು. ಮೈದಾನದಲ್ಲಿ ಇಂಗ್ಲಿಷ್ ಮಾತಾಡುವ ಅಪ್ಪ ಅಮ್ಮಂದಿರ ನಡುವೆ ನಿಂತು ನಾನು ಈ ಸಲ "ಹೊಡಿ" ಎನ್ನಲಿಲ್ಲ. "ಅಶ್ವಿನೀ, ಲೇಸು! ಲೇಸು ಗಟ್ಟಿ ಕಟ್ಟು!" ಎಂದು ಕೂಗಿದೆ. ಅವಳು ಆಟದ ನಡುವೆ ಒಂದು ಸಲ ನಿಜಕ್ಕೂ ಬಗ್ಗಿ ಎರಡೂ ಬೂಟಿನ ಲೇಸು ಬಿಗಿದುಕೊಂಡಳು. ಆಮೇಲೆ ಎಡಗಾಲಿನಿಂದ ಹೊಡೆದಳು. ಬೂಟು ಕಾಲಿನಲ್ಲೇ ಉಳಿಯಿತು, ಚೆಂಡು ಹೋಯಿತು. ನಾನು ಪಕ್ಕದಲ್ಲಿದ್ದ ಯಾರನ್ನೋ ಅಪ್ಪಿಕೊಂಡೆ. ಅವರು ಎದುರು ತಂಡದವರಂತೆ.

ಕ್ಯಾಪ್ಟನ್ ಹುಡುಗಿ ಒಂದು ರಾತ್ರಿಗೆ ಕಪ್ಪನ್ನು ಅಶ್ವಿನಿಗೆ ಬಿಟ್ಟುಕೊಟ್ಟಳು. ಮನೆಗೆ ಬಂದವಳೇ, "ಅಜ್ಜೀ, ದೂಧ್" ಎಂದಳು. ಗುಲಾಬಿ ಕಪ್ಪನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ತೊಳೆದು, ಹಾಲು ಕಾಯಿಸಿ, ಆರಿಸಿ ಹೊಯ್ದಳು. ಹೊಯ್ದ ಹಾಗೆ ಹಾಲು ಕೆಳಗಿನಿಂದ ಸೋರತೊಡಗಿತು. ಅಡಿಯಲ್ಲಿ ಸ್ಕ್ರೂ ಹಾಕುವ ತೂತು! ಅಂದು ಗೆದ್ದು ತಂದಿದ್ದರೂ ಹೀಗೇ ಆಗುತ್ತಿತ್ತೋ ಏನೋ. ನಾನು ತೂತಿಗೆ ಹೆಬ್ಬೆರಳು ಒತ್ತಿ ಹಿಡಿದೆ. ಅವಳು ಎರಡು ಕಿವಿ ಹಿಡಿದು ಒಂದು ಗುಟುಕು ಕುಡಿದಳು. ಮುಖ ಹಿಂಡಿದಳು.

"ಛೀ! ಇಸ್ಕೇ ಲಿಯೇ ಇತ್ನಾ ಸಬ್?" ಎಂದಳು, ಇದಕ್ಕಾ ಇಷ್ಟೆಲ್ಲ ಎಂದು. ಆಮೇಲೆ ಕಪ್ಪನ್ನು ನನ್ನ ಬಾಯಿಗೆ ಹಿಡಿದು, ಎಷ್ಟೋ ವರ್ಷದ ಮೇಲೆ ಕನ್ನಡದಲ್ಲಿ ಹೇಳಿದಳು: "ಕುಡಿ ಅಜ್ಜಾ. ತಂದೆನಲ್ಲ."

ಕುಡಿದೆ. ಅರ್ಧ ಹೊಟ್ಟೆಗೆ, ಅರ್ಧ ಲುಂಗಿಗೆ. ಮೀಸೆಗೆ ಹತ್ತಿದ ಕೆನೆಯನ್ನು ಒರೆಸಿಕೊಳ್ಳಿ ಎಂದು ಗುಲಾಬಿ ಇನ್ನೂ ಹೇಳುತ್ತಲೇ ಇದ್ದಾಳೆ.

ಇವತ್ತು ಬೆಳಗ್ಗೆ ಕಲ್ಯಾಣಕ್ಕೆ ಫೋನ್ ಮಾಡಿದೆ, ಶರಣಪ್ಪ ಮೂಟೆ ಇಳಿಸುವ ಅಂಗಡಿಗೆ. ಕರೆದು ಕೊಟ್ಟರು. ಕಪ್ಪು ಬಂತು ಶರಣಪ್ಪಾ, ಕೂಸು ಹಾಲು ಕುಡಿಯಿತು ಎಂದೆ. ಆ ಕಡೆ ಮಾರ್ಕೆಟ್ಟಿನ ಗಲಾಟೆ. ಅದರ ನಡುವೆ ಕೂಗಿ ಕೇಳಿದ:

"ಅಣ್ಣಾರ, ಕೂಸು ಬೂಟ್ ಹಾಕ್ಕೊಂಡಿತ್ತೇನ್ರಿ?"

"ಹಾಕ್ಕೊಂಡಿತ್ತು ಮಾರಾಯಾ."

"ಎರಡೂ ಕಾಲಿಗ್ಯಾ?"

"ಎರಡೂ ಕಾಲಿಗೆ, ಶರಣಪ್ಪಾ. ಎರಡೂ ಕಾಲಿಗೆ."